ಬರಲಿ ಎಂದು ಕಾದ ವಾರ

ಮೂಗಮ್ಮನಿಗೆ ಆ ಹೆಸರಿಟ್ಟವರು, ಮಗು ಬೆಳೆದ ಮೇಲೆ ಈ ಪಾಟಿ ಮಾತಾಡುತ್ತೆ ಅಂತ ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಕಿರಂಗೂರಿನಲ್ಲಿ ಬೆಳಗ್ಗೆ ಅವಳು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟರೆ ಅವಳಿಗಿಂತ ಮೊದಲು ಅವಳ ಮಾತು ಡೇರಿ ಮುಟ್ಟುತ್ತಿತ್ತು. ಯಾರ ಮನೆಯ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ಎಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಇಂಥ ಮೂಗಮ್ಮ ಒಂದೇ ಒಂದು ವಿಷಯವನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು. ಅವಳ ಮಾತು ಕಮ್ಮಿಯಾದದ್ದನ್ನು ಕಂಡು ಊರು, ವಯಸ್ಸಾಯಿತು ಅಂದುಕೊಂಡಿತು.

ಅದು ಮೊಮ್ಮಗಳು ರಂಜಿತಳ ವಿಷಯ. ಮೂಗಮ್ಮನ ಮಗ ಚಲುವರಾಜು, ಸೊಸೆ ರಾಧಾಮಣಿ. ಅವರಿಗೆ ಇವಳೊಬ್ಬಳೇ ಮಗಳು. ಮೂರು ವರ್ಷದವಳಿದ್ದಾಗ ಜ್ವರದ ಬೆನ್ನಿಗೆ ಶುರುವಾದ ಫಿಟ್ಸು ಒಂಬತ್ತು ತುಂಬಿದರೂ ಬಿಟ್ಟಿರಲಿಲ್ಲ. ಮಾತಾಡುತ್ತಾ ಆಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಕಣ್ಣು ಎಲ್ಲೋ ನೆಡುತ್ತಿತ್ತು, ತುಟಿ ಚಪ್ಪರಿಸುತ್ತಿತ್ತು, ಬಲಗೈ ಲಂಗದ ಅಂಚನ್ನು ಹಿಂಡುತ್ತಿತ್ತು, ಆಮೇಲೆ ದೊಪ್ಪನೆ ಬೀಳುತ್ತಿದ್ದಳು. ಅಕ್ಕಪಕ್ಕದವರು ಓಡಿಬಂದು ಅಂಗೈಗೆ ಬೀಗದ ಕೈ ತುರುಕುತ್ತಿದ್ದರು. ಎಚ್ಚರವಾದ ಮೇಲೆ ಆ ಮಗು ಬೀಗದ ಕೈಯನ್ನು ನೋಡಿ, "ಇದ್ಯಾರ ಮನೇದು, ತಗೊಂಡೋಗಿ ಕೊಡಿ" ಅನ್ನುತ್ತಿತ್ತು. ಅಜ್ಜಿಯ ಬಾಯೇ ಅದಕ್ಕೂ ಬಂದಿತ್ತು. ಕೊಟ್ಟಿಗೆಯ ಹಸುಗಳಿಗೆಲ್ಲ ಹೆಸರಿಟ್ಟವಳು ಅವಳೇ. ಜಂಬದಿಂದ ಕತ್ತೆತ್ತಿಕೊಂಡು ನಿಲ್ಲುವ ಜರ್ಸಿ ಹಸುವಿಗೆ ಅವಳು ಇಟ್ಟ ಹೆಸರು ಮೇಡಮ್ಮು.

ಮಾತ್ರೆ ನುಂಗಿಸುವುದು ಮಾತ್ರ ದೊಡ್ಡ ರಾಮಾಯಣ. ಬಾಯಿಗಿಟ್ಟರೆ ಉಗಿಯುವಳು, ಬೈದರೆ ವಾಂತಿ ಮಾಡುವಳು. ರಾಧಾಮಣಿ ಸೋತು ಕೈಚೆಲ್ಲಿದ ಮೇಲೆ ಮೂಗಮ್ಮ ಒಂದು ಉಪಾಯ ಕಂಡುಕೊಂಡಳು. ಆ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರುಂಟೇ? ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಟುಕ್ಕನೆ ನುಂಗುವುದೇ. ಆ ತುತ್ತಿನೊಳಗೆ ಮಾತ್ರೆ ಇಟ್ಟು ಉಂಡೆ ಮಾಡಿದಳು. ಮಗುವಿಗೆ ಗೊತ್ತೇ ಆಗಲಿಲ್ಲ. ಅಂದಿನಿಂದ ಮಾತ್ರೆ ಕೊಡುವುದು ಅಜ್ಜಿಯ ಕೆಲಸವಾಯಿತು. ಹಬ್ಬಕ್ಕೂ ತಪ್ಪಿಸಲಿಲ್ಲ, ತನಗೆ ಚಿಕುನ್‌ಗುನ್ಯಾ ಬಂದು ಬೆರಳು ಮಡಚಲಾಗದಿದ್ದಾಗಲೂ ತಪ್ಪಿಸಲಿಲ್ಲ. ಒಂದು ಹೊತ್ತು ತಪ್ಪಿದರೆ ಮಗು ಬೀಳುತ್ತದೆ ಅನ್ನುವುದು ಅವಳ ಮೈಗೇ ಗೊತ್ತಿತ್ತು.

ಆದರೂ ಫಿಟ್ಸು ಪೂರ್ತಿ ನಿಲ್ಲಲಿಲ್ಲ. ಮಾತ್ರೆ ಬದಲಾಯಿಸಿದರು, ಜಾಸ್ತಿ ಮಾಡಿದರು; ವಾರಕ್ಕೋ ಹತ್ತು ದಿನಕ್ಕೋ ಒಂದು ಬಂದೇ ಬರುತ್ತಿತ್ತು. ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ಡಾಕ್ಟರಮ್ಮ ಮಗುವಿನ ತಲೆಯ ಸ್ಕ್ಯಾನು ಮಾಡಿಸಿ, ಮನೆಯವರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡರು.

"ನೋಡಿ, ಎಡಗಡೆ ಇಲ್ಲಿ ಒಂದು ಸಣ್ಣ ಕಲೆ ಕಾಣುತ್ತೆ. ಫಿಟ್ಸ್ ಇಲ್ಲಿಂದಲೇ ಶುರುವಾಗ್ತಿರಬಹುದು ಅಂತ ನಮ್ಮ ಅನುಮಾನ. ಹಾಗಿದ್ದರೆ ಆಪರೇಷನ್ ಮಾಡಿ ಅಷ್ಟು ಜಾಗ ತೆಗೆದುಬಿಡಬಹುದು. ಪೂರ್ತಿ ವಾಸಿಯಾದ ಮಕ್ಕಳಿದ್ದಾರೆ."

ಪೂರ್ತಿ ವಾಸಿ ಅನ್ನುವ ಮಾತು ಕೇಳಿ ರಾಧಾಮಣಿಯ ಕಣ್ಣು ತುಂಬಿಬಂತು. ಆರು ವರ್ಷದಲ್ಲಿ ಆ ಮಾತನ್ನು ಯಾರೂ ಅಂದಿರಲಿಲ್ಲ.

ಅನುಮಾನದ ಮೇಲೆ ತಲೆ ತೆರೆಯಲಾಗುವುದಿಲ್ಲವಲ್ಲ. ಅದಕ್ಕೆ ಇನ್ನೂ ಪರೀಕ್ಷೆಗಳಿದ್ದವು. ಒಂದರಲ್ಲಿ ಮಗುವನ್ನು ಯಂತ್ರದ ಕೊಳವೆಯೊಳಗೆ ಮಲಗಿಸಿ, ಕಣ್ಣೆದುರು ಚಿತ್ರ ತೋರಿಸಿ, ಹೆಸರನ್ನು ಮನಸ್ಸಿನಲ್ಲೇ ಹೇಳಿಕೋ ಅಂದರು. ಹಸು, ಚೊಂಬು, ಛತ್ರಿ, ಬಾಳೆಹಣ್ಣು. ಹೆಸರು ಹೇಳಿಕೊಂಡಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅದು ಚಿತ್ರದಲ್ಲಿ ಬಣ್ಣವಾಗಿ ಮೂಡಿತು. ಡಾಕ್ಟರಮ್ಮ ಮೂಗಮ್ಮನಿಗೆ ಅದನ್ನು ತೋರಿಸಿ, "ನಿಮ್ಮ ಮೊಮ್ಮಗಳ ಮಾತು ಇರೋ ಜಾಗ ಇದೇ ಅಜ್ಜಿ. ಕಲೆಯಿಂದ ಸ್ವಲ್ಪ ದೂರದಲ್ಲಿದೆ, ಅದೃಷ್ಟ" ಅಂದರು.

"ಮಾತು ಕುಂತಿರೋ ಜಾಗನೂವೆ ಕಾಣ್ತದಾ ತಾಯಿ?" ಅಂದ ಮೂಗಮ್ಮ ಆ ಬಣ್ಣದ ಚುಕ್ಕೆಗೆ ಎರಡೂ ಕೈಯಿಂದ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಡಾಕ್ಟರಮ್ಮನಿಗೆ ನಗು ಬಂತು.

ಇನ್ನೊಂದು ಪರೀಕ್ಷೆಯೇ ಮುಖ್ಯವಾದದ್ದು. ಮಗುವನ್ನು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿಸಿ, ತಲೆಗೆಲ್ಲ ವೈರು ಅಂಟಿಸಿ, ಕ್ಯಾಮೆರಾ ಇಟ್ಟು ಕಾಯಬೇಕು. ಫಿಟ್ಸು ಶುರುವಾಗುತ್ತಿದ್ದಂತೆ, ಆ ಕ್ಷಣಕ್ಕೇ, ಕೈನರಕ್ಕೆ ಒಂದು ಔಷಧಿ ಚುಚ್ಚಬೇಕು. ಆಗ ಮಿದುಳಿನಲ್ಲಿ ಎಲ್ಲಿಗೆ ಮೊದಲು ರಕ್ತ ನುಗ್ಗಿತೋ ಆ ಔಷಧಿ ಅಲ್ಲೇ ನಿಲ್ಲುತ್ತದೆ, ಆಮೇಲೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಕಲೆ ಇರುವ ಜಾಗವೂ ಇದೂ ಒಂದೇ ಆದರೆ ಆಪರೇಷನ್ನು.

"ಹಾಗಾಗಿ ಮಾತ್ರೆ ನಿಲ್ಲಿಸ್ತೀವಿ," ಅಂದರು ಡಾಕ್ಟರಮ್ಮ. "ಇಲ್ಲಿ ಫಿಟ್ಸ್ ಬರಲಿ ಅಂತಲೇ ನಾವು ಕಾಯೋದು."

"ಬುಡ್ತು ಅನ್ನವ್ವ!" ಮೂಗಮ್ಮ ಕುರ್ಚಿಯಿಂದ ಅರ್ಧ ಎದ್ದಳು. "ಇದ್ಯಾತರ ಮಾತು? ಮಗೀಗೆ ಬರ್ಲಿ ಅಂತ ಯಾರಾದ್ರೂ ಅಂತಾರ?"

"ಸುಮ್ಕಿರವ್ವ," ಅಂದ ಚಲುವರಾಜು. "ಅವರು ಓದ್ಕಂಡಿರೋರು, ಸುಮ್ಸುಮ್ಕೆ ಏಳ್ತಾರ?"

ಡಾಕ್ಟರಮ್ಮ ಸಿಟ್ಟಾಗದೆ ಇನ್ನೊಮ್ಮೆ ಎಲ್ಲ ಹೇಳಿದರು. ಪಕ್ಕದಲ್ಲೇ ನರ್ಸ್ ಇರ್ತಾರೆ, ಜೋರಾದರೆ ತಕ್ಷಣ ನಿಲ್ಲಿಸೋ ಇಂಜೆಕ್ಷನ್ ಇದೆ, ಹೆದರಬೇಡಿ ಅಂದರು. ಮೂಗಮ್ಮ ತಲೆಯಾಡಿಸಿದಳು. ಅವಳಿಗೆ ಅರ್ಥವಾಗಲಿಲ್ಲ ಅಂತ ಯಾರೂ ಅಂದುಕೊಳ್ಳಬಾರದು. ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾದದ್ದು ತಲೆಗೆ, ಆರು ವರ್ಷ ಮಾತ್ರೆ ಕೊಟ್ಟ ಕೈಗೆ ಅದನ್ನು ಹೇಳುವವರು ಯಾರು?

ಮಾರ್ನಾಮಿ ಹಬ್ಬ ಕಳೆದ ಮೇಲೆ ರಂಜಿತಳನ್ನು ಸೇರಿಸಿಕೊಂಡರು. ರಾಧಾಮಣಿ ಅಲ್ಲೇ ಉಳಿದಳು. ಚಲುವರಾಜುವಿಗೆ ಕಬ್ಬು ಕಡಿಸುವ ಕೆಲಸ. ಮೂಗಮ್ಮ ದಿನಾ ಹಾಲು ಕರೆದು, ಅಡುಗೆ ಮಾಡಿ, ಕ್ಯಾರಿಯರ್ ಹಿಡಿದು ಕಿರಂಗೂರಿನ ಗೇಟಿನಲ್ಲಿ ಬಸ್ಸು ಹತ್ತುತ್ತಿದ್ದಳು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ಬಿಟ್ಟಿ ಟಿಕೇಟು ಹರಿಸಿಕೊಂಡು, ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಮಧ್ಯಾಹ್ನ ಮಗುವಿಗೆ ತಾನೇ ಉಣ್ಣಿಸಿ, ರಾತ್ರಿಯ ಊಟವನ್ನು ಕೆಳಗಿನ ಡಬ್ಬಿಯಲ್ಲಿ ಬಿಟ್ಟು ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು.

"ದೊಡ್ಡುಂಡೆ ನಿಂಗೆ, ಸಣ್ಣುಂಡೆ ಮಗೀಗೆ. ಮುರೀಬ್ಯಾಡ, ಅಂಗೇ ಅದ್ದಿ ಕೊಟ್ಬುಡು," ಅಂತ ಸೊಸೆಗೆ ಹೇಳಿ ಹೋಗುತ್ತಿದ್ದಳು.

ಸಣ್ಣ ಉಂಡೆಯೊಳಗೆ ಮಾತ್ರೆ ಇರುತ್ತಿತ್ತು. ಮಧ್ಯಾಹ್ನದ್ದರಲ್ಲೂ ಇರುತ್ತಿತ್ತು. ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಅವಳು ಬಿಸಾಡಿರಲಿಲ್ಲ. ಮೊದಲ ದಿನ, ಇವತ್ತೊಂದು ದಿನ ಅಂದುಕೊಂಡಳು. ಎರಡನೆಯ ದಿನ ಹೋಗಿ ನೋಡಿದರೆ ಮಗು ತಲೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ಬೆನ್ನ ಹಿಂದೆ ವೈರುಗಳ ಜಡೆ ಬಿಟ್ಟುಕೊಂಡು, ಮಂಚದ ಮೇಲೆ ಕೂತು ನರ್ಸಿಗೆ ಮೇಡಮ್ಮು ಹಸುವಿನ ಕಥೆ ಹೇಳುತ್ತಿತ್ತು. ನಗುತ್ತಿತ್ತು. ಈ ಮುಖ ಕಲ್ಲಿನ ಹಾಗಾಗುವುದನ್ನು ಇಷ್ಟು ಜನ ಸುತ್ತ ನಿಂತು ನೋಡಲಿಕ್ಕೆ ಕಾಯುತ್ತಿದ್ದಾರಲ್ಲ ಅನ್ನಿಸಿತು ಮೂಗಮ್ಮನಿಗೆ. ಫಿಟ್ಸು ಹೇಗೂ ಮಾತ್ರೆ ತಿಂದರೂ ಬರುತ್ತದೆ, ಬಂದರೆ ಬರಲಿ, ಬರಲಿ ಅಂತ ನಾನಾಗಿ ಯಾಕೆ ದಾರಿ ಬಿಡಲಿ ಅಂದುಕೊಂಡಳು. ಸುಳ್ಳು ಅಂತ ಗೊತ್ತಿದ್ದೇ ಅಂದುಕೊಂಡಳು.

ಫಿಟ್ಸು ಬರಲಿಲ್ಲ. ಬೆಳಗ್ಗೆ ಔಷಧಿ ತಯಾರಾಗಿ ಬರುವುದು, ಸಂಜೆಗೆ ಅದರ ಶಕ್ತಿ ಇಳಿದು ವ್ಯರ್ಥವಾಗುವುದು. ನರ್ಸು ಸಿರಿಂಜು ಹತ್ತಿರವಿಟ್ಟುಕೊಂಡು ಕಾದರು. ಮಗುವಿನ ನಿದ್ದೆ ಕೆಡಿಸಿ ನೋಡಿದರು, ಕಣ್ಣಿಗೆ ಮಿಣುಕು ದೀಪ ಬಿಟ್ಟು ನೋಡಿದರು. ಡಾಕ್ಟರಮ್ಮನಿಗೇ ಆಶ್ಚರ್ಯ. ವಾರ ಮುಗಿದ ಮೇಲೆ ಹಾಸಿಗೆಗೆ ಬೇರೆ ಮಗು ಬಂತು. "ಒಮ್ಮೊಮ್ಮೆ ಹೀಗಾಗುತ್ತೆ. ಸರದಿಯಲ್ಲಿ ತುಂಬಾ ಮಕ್ಕಳಿದ್ದಾರೆ, ಯುಗಾದಿ ಕಳೆದ ಮೇಲೆ ಇನ್ನೊಂದು ಸಲ ಪ್ರಯತ್ನ ಮಾಡೋಣ, ಅಲ್ಲಿವರೆಗೆ ಮಾತ್ರೆ ಮೊದಲಿನ ಹಾಗೇ ಕೊಡಿ," ಅಂದರು. ತಲೆಯ ಗೋಂದು ಬಿಡಿಸಿ, ಎಣ್ಣೆ ಹಚ್ಚಿ, ಮಗುವನ್ನು ಮನೆಗೆ ಕರೆತಂದರು.

ಮೂಗಮ್ಮನಿಗೆ ಒಳಗೊಳಗೇ ಹಾಯೆನಿಸಿತು. ಯುಗಾದಿ ಎಷ್ಟು ದೂರ? ಆಗ ನೋಡಿಕೊಂಡರಾಯಿತು.

ಶಿವರಾತ್ರಿಯ ಹಿಂದೆಮುಂದೆ ದೇವಲಾಪುರದಲ್ಲಿ ರಾಧಾಮಣಿಯ ಅಣ್ಣ ಮೋಹನ್ ಕುಮಾರ್ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಹೊರಡುವ ಬೆಳಗ್ಗೆ ರಂಜಿತಳ ಮೈ ವಸಿ ಬೆಚ್ಚಗಿತ್ತು. ರಾಧಾಮಣಿ ಬೇಡ ಅಂದಳು. "ಒಬ್ನೇ ಅಣ್ಣ, ನೀನೇ ಓಗ್ದಿದ್ರೆ ಎಂಗೆ? ಜ್ವರದ ಮಾತ್ರೆ ಆಕಿ ಕರ್ಕಂಡೋಗಿ," ಅಂತ ಚಲುವರಾಜುವೇ ಅಜ್ಜಿ, ತಾಯಿ, ಮಗು ಮೂವರನ್ನೂ ಕಾರು ಹತ್ತಿಸಿದ.

ಮಧ್ಯಾಹ್ನ ಪೆಂಡಾಲಿನಲ್ಲಿ ಎಲೆ ಹಾಕುವ ಹೊತ್ತಿಗೆ ಮಗು ಬಿತ್ತು. ಎಂದಿನಂತೆ ಇನ್ನೇನು ನಿಲ್ಲುತ್ತದೆ ಅಂತ ಮೂಗಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ನಿಲ್ಲಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಹಿಡಿಯಿತು. ತುಟಿ ನೀಲಿಗಟ್ಟಿತು. ಹಾಲು ಉಕ್ಕಿಸಿದ ಮನೆಯ ಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಓಡಿದರು. ನಾಗಮಂಗಲದಲ್ಲಿ ಸೂಜಿ ಹಾಕಿ ಆಂಬುಲೆನ್ಸಿಗೆ ಏರಿಸಿದರು. ಪಾಂಡವಪುರ ದಾಟುವಾಗಲೂ ಅದರ ಬಲಗೈ ಅದುರುತ್ತಲೇ ಇತ್ತು. ರಾಧಾಮಣಿ ಆ ಕೈಯನ್ನು ಎದೆಗೊತ್ತಿಕೊಂಡವಳು ಮೈಸೂರಿನವರೆಗೆ ಬಿಡಲಿಲ್ಲ.

ಮಗು ಉಳಿಯಿತು. ಐಸಿಯುವಿನಿಂದ ಈಚೆಗೆ ಬಂದಾಗ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿತು. ಅಜ್ಜಿಯನ್ನು ಕಂಡು ಮುಖ ಅರಳಿತು. ಬಾಯಿ ತೆರೆಯಿತು. "ಅದು," ಅಂದಿತು. "ಅದು... ಅದು..."

ಗುರುತು ಸಿಗುತ್ತಿತ್ತು, ಹೆಸರು ಸಿಗುತ್ತಿರಲಿಲ್ಲ. ಚೊಂಬು ತೋರಿಸಿದರೆ ನೀರು ಕುಡಿಯುವ ಹಾಗೆ ಕೈ ಮಾಡುವಳು. ಮಾತು ಮಾತ್ರ "ಅದು". ಮನೆಗೆ ಬಂದ ದಿನ ಕೊಟ್ಟಿಗೆಯ ಮುಂದೆ ನಿಂತು ಜರ್ಸಿ ಹಸುವನ್ನು ಬಹಳ ಹೊತ್ತು ನೋಡಿದಳು. ಹಣೆ ಗಂಟಿಕ್ಕಿದಳು. ಸಿಗದೆ ಅತ್ತಳು. ಮೂಗಮ್ಮ "ಮೇಡಮ್ಮು ಕಣ್ ಮಗ, ಮೇಡಮ್ಮು," ಅಂತ ನೂರು ಸಲ ಹೇಳಿಕೊಟ್ಟಳು. ಆ ಕ್ಷಣ ಹೇಳುವಳು, ತಿರುಗಿದರೆ ಇಲ್ಲ. ಮೂಗಮ್ಮ ಹಾಲಿನ ಡೇರಿಯಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದು ಆವಾಗಿನಿಂದಲೇ.

ಯುಗಾದಿ ಕಳೆದ ಮೇಲೆ ಮತ್ತೆ ಸೇರಿಸಿದರು. ಈ ಸಲ ಮೂಗಮ್ಮ ಬರಿಯ ಅನ್ನ ಸಾರು ತಂದಳು. ಮಾತ್ರೆ ನಿಲ್ಲಿಸಿದ ಮಾರನೆಯ ದಿನವೇ, ಅವಳು ಪಕ್ಕದಲ್ಲಿ ಕೂತಿದ್ದಾಗಲೇ, ಮಗುವಿನ ತುಟಿ ಚಪ್ಪರಿಸಿತು. ಗಂಟೆ ಒತ್ತಿದವಳು ಅವಳೇ. ನರ್ಸು ಓಡಿಬಂದು ಔಷಧಿ ಚುಚ್ಚಿದರು. ಮೂಗಮ್ಮ ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚದೆ ಪೂರ್ತಿ ನೋಡಿದಳು. ಅಷ್ಟನ್ನು ನೋಡುವುದು ಸಾಧ್ಯವಿತ್ತು. ಅವತ್ತೂ ಸಾಧ್ಯವಿತ್ತು.

ಡಾಕ್ಟರಮ್ಮ ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡರು. ಈ ಸಲ ಬಣ್ಣ ಎರಡು ಕಡೆ ಇತ್ತು.

"ಎಡಗಡೆಯೂ ಇದೆ, ಬಲಗಡೆಯೂ ಇದೆ," ಅಂದರು ಮೆಲ್ಲಗೆ. "ಎರಡೂ ಕಡೆಯಿಂದ ಶುರುವಾದರೆ ಆಪರೇಷನ್ ಮಾಡೋಕಾಗಲ್ಲ. ಎರಡೂ ತೆಗೆದರೆ ಮಗುವಿಗೆ ನೆನಪೇ ನಿಲ್ಲಲ್ಲ."

"ಮದ್ಲು ಒಂದೇ ಕಡೆ ಅಂದಿದ್ರಲ್ಲ ಮೇಡಮ್?" ಅಂದ ಚಲುವರಾಜು.

"ಅವತ್ತಿನ ಸ್ಕ್ಯಾನಿನಲ್ಲಿ ಒಂದೇ ಕಡೆ ಕಲೆ ಇತ್ತು. ಅಷ್ಟು ಹೊತ್ತು ಫಿಟ್ಸ್ ಬಂದಿದ್ದರಿಂದ ಇನ್ನೊಂದು ಕಡೆಗೂ ಪೆಟ್ಟಾಗಿರಬಹುದು. ಇಲ್ಲಾ ಮೊದಲೇ ಇದ್ದು ನಮಗೆ ಕಾಣದೆ ಇದ್ದಿರಬಹುದು. ಆ ವಾರ ಒಂದು ಫಿಟ್ಸ್ ಸಿಕ್ಕಿದ್ದಿದ್ದರೆ ಗೊತ್ತಾಗ್ತಿತ್ತು." ಅವರು ಚಲುವರಾಜುವಿನ ಮುಖ ನೋಡಿ ಮಾತು ನಿಲ್ಲಿಸಿದರು. "ಅದು ಯಾರ ಕೈಯಲ್ಲೂ ಇರಲಿಲ್ಲ, ಬಿಡಿ. ಬೇರೆ ಮಾತ್ರೆ ನೋಡೋಣ. ಮಾತಿಗೆ ತರಬೇತಿ ಕೊಡಿಸೋಣ."

ಯಾರ ಕೈಯಲ್ಲೂ ಇರಲಿಲ್ಲ. ಮೂಗಮ್ಮ ತನ್ನ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಮಾರನೆಯ ದಿನ ಚಲುವರಾಜು ಗದ್ದೆಗೆ ಹೋಗಿದ್ದ. ರಂಜಿತ ಜಗಲಿಯ ಮೇಲೆ ಚಿತ್ರದ ಪುಸ್ತಕ ಮಗುಚುತ್ತಿದ್ದಳು. ಮೂಗಮ್ಮ ಸೊಸೆಯ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅಳದೆ ಹೇಳಿದಳು. ಹೇಳಿ, "ನನ್ನ ಎಕ್ಕಡ ತಗೊಂಡು ಒಡಿ ರಾಧಾ. ಮನೆಯಿಂದ ಆಚ್ಗಾಕು. ಏನಾರ ಮಾಡು," ಅಂದಳು. ಬೈಗುಳ ತಿಂದರೆ ಎದೆಯ ಮೇಲಿನ ಭಾರ ಒಂದು ಚೂರಾದರೂ ಇಳಿದೀತು ಅನ್ನುವ ಆಸೆ ಅವಳಿಗಿತ್ತು.

ರಾಧಾಮಣಿ ಜಗಲಿಯ ಕಡೆ ಒಮ್ಮೆ ನೋಡಿದಳು.

"ನಂಗೊತ್ತಿತ್ತು ಕಣತ್ತೆ," ಅಂದಳು.

ಮೂಗಮ್ಮನಿಗೆ ಕೇಳಿಸಿದ್ದು ಅರ್ಥವಾಗಲಿಲ್ಲ.

"ನೀವು ಮುರೀಬ್ಯಾಡ ಅಂದ್ರಲ್ಲ, ಎರಡ್ನೇ ದಿನ ಉಂಡೆ ದಪ್ಪ ಆಯ್ತು ಅಂತ ಮುರ್ದೆ. ಒಳ್ಗಡೆ ಮಾತ್ರೆ ಇತ್ತು. ಅಂಗೈಲಿಟ್ಕಂಡು ನೋಡ್ತಾ ಕುಂತಿದ್ದೆ. ಎದ್ದೋಗಿ ನರ್ಸಮ್ಮುಂಗೆ ಏಳ್ಬೇಕು ಅಂದ್ಕಂಡೆ. ಮಗ ನನ್ ಮುಖ ನೋಡಿ ನಗ್ತಿತ್ತು ಅತ್ತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತಿರ್ಗಾ ಮುದ್ದೆ ಒಳ್ಗೇ ಇಟ್ಟು ನಾನೇ ನುಂಗಿಸ್ದೆ. ಆಮ್ಯಾಕೂ ದಿನಾ ಗೊತ್ತಿದ್ದೇ ನುಂಗಿಸ್ದೆ. ಬಂದ್ರೆ ನೋಡೋಕೆ ನನ್ ಕೈಲಾಯ್ತಿರ್ಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಇಷ್ಟು ತಿಂಗಳು ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ, ಇಬ್ಬರೂ ಒಂದೇ ಸಂಕಟವನ್ನು ಬೇರೆಬೇರೆಯಾಗಿ ನುಂಗಿಕೊಂಡು ಬಾಳಿದ್ದರು. ಅದನ್ನು ನೆನೆದು ಇನ್ನೂ ಅಳು ಬಂತು.

ಅಷ್ಟರಲ್ಲಿ ಚಲುವರಾಜು ಬಂದ. ಅತ್ತೆ ಸೊಸೆಯರನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಟವೆಲ್ಲನ್ನು ಮುಖಕ್ಕೊತ್ತಿಕೊಂಡು ಕುಕ್ಕರಿಸಿದ.

"ನಂಗೊತ್ತು ಬುಡ್ರವ್ವ ಯಾಕಳ್ತಿದ್ದೀರಿ ಅಂತ. ನಾನೇ ಕೆಡಿಸ್ದೋನು. ಜ್ವರ ಐತೆ, ದೇವಲಾಪುರಕ್ಕೆ ಬ್ಯಾಡ ಅಂತ ಇವಳು ಬಡ್ಕಂಡ್ಲು. ನಾನೇ ಓಗಿ ಅಂತ ಕಳಿಸ್ದೆ. ನನ್ ಮಗೀನ ಬಾಯ್ನ ನಾನೇ ಕಿತ್ಕಂಡೆ ಕಣವ್ವ."

ಗಂಡಸು ಅಷ್ಟು ದೊಡ್ಡ ದನಿ ತೆಗೆದು ಅತ್ತದ್ದನ್ನು ಆ ಮನೆ ನೋಡಿರಲಿಲ್ಲ. ರಾಧಾಮಣಿ ಬಾಯಿ ತೆರೆದಳು. ಮೂಗಮ್ಮ ಅವಳ ತೊಡೆಯನ್ನು ಗಟ್ಟಿಯಾಗಿ ಅದುಮಿದಳು.

"ನೀನಲ್ಲ ಕಣ್ಲಾ," ಅಂದಳು. "ನಾನು. ಆ ವಾರ ಮಾತ್ರೆ ನಿಲ್ಸಿರ್ಲಿಲ್ಲ. ಕದ್ದು ಕೊಡ್ತಿದ್ದೆ. ಅದ್ಕೇ ಬರ್ಲಿಲ್ಲ. ನಿನ್ ಎಂಡ್ರಿಗೂ ತಿಳೀದಂಗೆ ನಾನೊಬ್ಳೇ ಮಾಡ್ದೆ. ಈಗ ಅದ್ನೇ ಅವಳ್ಗೆ ಏಳ್ತಿದ್ದೆ."

ಚಲುವರಾಜು ಟವೆಲ್ಲು ಇಳಿಸಿದ. ತಾಯಿಯನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದ.

"ಕೊಡ್ದೇ ಇದ್ದಿದ್ರೆ ಮಗೀಗೆ ವಾಸಿ ಆಗೋದಾ?"

"ಗೊತ್ತಿಲ್ಲ ಕಣಪ್ಪ," ಅಂದಳು ಮೂಗಮ್ಮ. ಅದೊಂದು ಮಾತು ಮಾತ್ರ ಪೂರ್ತಿ ನಿಜವಾಗಿತ್ತು.

ಅವನು ಎದ್ದು, ಜಗಲಿಯಲ್ಲಿದ್ದ ಮಗಳನ್ನು ಎತ್ತಿಕೊಂಡು, ನಾಲೆಯ ಕಡೆ ನಡೆದುಹೋದ. ಅವತ್ತಿನಿಂದ ತಾಯಿಯನ್ನು ಮಾತಾಡಿಸಿಲ್ಲ. ಅವಳು ಬಡಿಸಿದರೆ ತಟ್ಟೆ ಬಿಟ್ಟು ಏಳುತ್ತಾನೆ. ರಾಧಾಮಣಿ ಬಡಿಸಿದರೆ ಉಣ್ಣುತ್ತಾನೆ. ಹೆಂಡತಿಯ ಹತ್ತಿರ ಮೊದಲಿಗಿಂತ ಮೆತ್ತಗಾಗಿದ್ದಾನೆ. ಸಂಜೆ ಇಬ್ಬರೂ ಮಗುವನ್ನು ನಡುವೆ ಕೂರಿಸಿಕೊಂಡು ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಒಂದೊಂದು ದಿನ ಎರಡು ಮೂರು ಹೆಸರು ಸಿಗುತ್ತವೆ. ಮೂಗಮ್ಮ ಕೊಟ್ಟಿಗೆಯಿಂದ ಅದನ್ನು ಕೇಳಿಸಿಕೊಳ್ಳುತ್ತಾಳೆ.

ರಾಧಾಮಣಿ ಎಷ್ಟೋ ಸಲ, ಇನ್ನು ನನ್ನ ಕೈಲಾಗಲ್ಲ, ಇವತ್ತು ಹೇಳಿಬಿಡುತ್ತೇನೆ ಅಂತ ಕೊಟ್ಟಿಗೆಗೆ ಬಂದು ನಿಂತಿದ್ದಾಳೆ. ಮೂಗಮ್ಮ ಬಿಟ್ಟಿಲ್ಲ.

"ಮಗೀಗೆ ಅಪ್ಪ ಅವ್ವ ಇಬ್ರೂ ಬೇಕು ಕಣವ್ವ," ಅನ್ನುತ್ತಾಳೆ. "ಅವನ ಸಿಟ್ಟು ನನ್ ಮ್ಯಾಲೇ ಇರ್ಲಿ ಬುಡು."